ಒಂಬತ್ತು ಮನೆಯ ನೆರಳು

ನಮ್ಮ ಕೇರಿಯ ಆಮೆಗಳ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದವಳು ನಾನು. ನಲವತ್ತೊಂದು ಆಮೆಗಳಿದ್ದವು, ನಲವತ್ತೊಂದಕ್ಕೂ ಬರೆದೆ. ಎಂಟು ತಿಂಗಳಲ್ಲಿ ಮೂವತ್ತೆರಡು ಹೋದವು.

ನಮ್ಮೂರಿನಲ್ಲಿ ಆಮೆ ಇದ್ದ ಮನೆಗೆ ಮಾತ್ರ ನೆರಳಿರುತ್ತದೆ. ಆಮೆ ಹೋದ ಗಳಿಗೆಗೆ ನೆರಳೂ ಹೋಗುತ್ತದೆ. ಗೋಡೆ ನಿಂತೇ ಇರುತ್ತದೆ, ಸೂರು ತನ್ನ ಜಾಗದಲ್ಲೇ ಇರುತ್ತದೆ, ಬಿಸಿಲು ಮಾತ್ರ ಅದ್ಯಾವುದೂ ಇಲ್ಲವೆಂಬಂತೆ ನಡುಮನೆಗೆ ಇಳಿದು ಕೂರುತ್ತದೆ. ಪೇಟೆಯ ಮನೆಗಳ ನೆರಳು ಹೋಗಿ ಎರಡು ತಲೆಮಾರಾಗಿತ್ತು. ಅವರು ನೆಲಕ್ಕೆಲ್ಲ ನುಣುಪು ಕಲ್ಲು ಹಾಸಿ ಬಿರುಕು ಮುಚ್ಚಿಸಿಕೊಂಡಿದ್ದರು, ಆಮೆ ಅಲ್ಲಿ ನಿಲ್ಲಲಿಲ್ಲ. ಆದರೆ ಅವರಿಗೆ ಕೊಳಾಯಿ ಇತ್ತು, ಕೊಳಾಯಿಯಿಂದ ಬೆಳೆಸಿದ ಬೇವು ಹೊಂಗೆ ಇದ್ದವು. ಮರದ ನೆರಳಿಗೆ ಆಮೆ ಬೇಕಿಲ್ಲ. ನಮ್ಮ ಕೇರಿ ಇದ್ದದ್ದು ಬಂಡೆಯ ಮೇಲೆ. ಬಂಡೆಯ ಮೇಲೆ ಮರ ಏಳುವುದಿಲ್ಲ.

ನೆರಳಿಲ್ಲದ ಮನೆ ಮನೆಯಲ್ಲ ಎಂದು ಪುರಸಭೆಯ ಕಾನೂನು. ಪೇಟೆಗೆ ಅದು ತಾಗುತ್ತಿರಲಿಲ್ಲ. ಅವರ ಮನೆಗಳಿಗೆ ಕಾಗದವಿತ್ತು. ನಮಗೆ ಕಾಗದ ಕೊಟ್ಟವರಿಲ್ಲ, ನಮಗೆ ನೆರಳೇ ಕಾಗದ. ವರ್ಷಕ್ಕೊಮ್ಮೆ ಪುರಸಭೆಯ ಖಾಜಾಸಾಬ ಗಂಟು ಹಾಕಿದ ಹಗ್ಗ ಹೊತ್ತು ಬಂದು ಒಂದೊಂದು ಮನೆಯ ನೆರಳನ್ನು ಅಳೆದು ಹೋಗುತ್ತಿದ್ದ. ನೆರಳು ಬೀಳುವವರೆಗೆ ಆ ಮನೆಗೆ ಯಾರೂ ಹಾರೆ ತಾಗಿಸುವಂತಿಲ್ಲ, ಅದರ ಕೆಳಗಿನ ಬಂಡೆಗೆ ಮದ್ದು ಇಡುವಂತಿಲ್ಲ. ಕೇರಿಯ ಮೂರು ಕಡೆ ಕಲ್ಲು ಕಂಪನಿ ಬಂಡೆಯನ್ನು ತಿಂದು ಮುಗಿಸಿತ್ತು. ಉಳಿದಿದ್ದ ಒಳ್ಳೆಯ ಕಲ್ಲು ನಮ್ಮ ಮನೆಗಳಡಿಯಲ್ಲೇ ಇತ್ತು.

ಆಮೆ ಎಂದರೆ ಕೆರೆಯ ಆಮೆಯನ್ನು ನೆನೆಯಬೇಡಿ. ನಮ್ಮದು ಬೆಳೆದು ಮುದಿಯಾದರೂ ಅಂಗೈಯಲ್ಲಿ ಕೂರುತ್ತಿತ್ತು, ಮೇಲೆ ಬೆರಳು ಮಡಚಬಹುದಿತ್ತು. ಮರಿ ಅಡಿಕೆಯಷ್ಟು. ಬೆನ್ನು ಥೇಟು ಬಂಡೆಯ ಬಣ್ಣ, ಬಂಡೆಯ ಮೇಲಿನ ಅದೇ ಕಪ್ಪು ಚುಕ್ಕೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಹೊರಗೆ ಬಂದು, ನಾವು ಪಾತ್ರೆ ತೊಳೆದ ನೀರು ಹರಿಯುವ ಬಿರುಕುಗಳಲ್ಲಿ ಬೆಳೆದ ಕಲ್ಲುಸೊಪ್ಪನ್ನು ತಿಂದು ಒಳಗೆ ಹೋಗುತ್ತಿತ್ತು. ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಹೆಣ್ಣು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಅದೂ ಪ್ರತಿವರ್ಷ ಅಂತೇನಿಲ್ಲ.

ನಮ್ಮವರು ಕಲ್ಲು ಒಡೆಯುವವರು. ಬಂಡೆಗೆ ಉಳಿ ಇಡುವ ಮೊದಲು ಸುತ್ತಿಗೆಯಿಂದ ಹಗುರಾಗಿ ಮೂರು ಪೆಟ್ಟು ಹಾಕಿ ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೂರುವುದು ನಮ್ಮ ಪದ್ಧತಿ. ಒಳಗಿದ್ದ ಆಮೆ ಆ ಹೊತ್ತಿನಲ್ಲಿ ಹೊರಟು ಹೋಗುತ್ತದೆ. ಕಂಪನಿಯ ಯಂತ್ರ ಬೀಡಿ ಸೇದುವುದಿಲ್ಲ.

ನನ್ನವ್ವ ಕಲ್ಲು ಚಪ್ಪಡಿಯ ಕೆಳಗೆ ಸಿಕ್ಕು ಸತ್ತಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ ಮಾರೆವ್ವ, ನನ್ನ ಚಿಗವ್ವ. ಕಲ್ಲಿನ ಕೆಲಸ ಮುಗಿದ ಸಂಜೆ ನಾವು ಆರು ಮಂದಿ ಚಪ್ಪರದಡಿ ಕೂತು ಓದು ಕಲಿತೆವು. ಒಬ್ಬರು ಜೋರಾಗಿ ಓದುವುದು, ಉಳಿದವರು ಜಗಳ ತೆಗೆಯುವುದು. ಹಕ್ಕು, ದಾಖಲೆ, ಪುರಾವೆ ಎಂಬ ಮಾತುಗಳು ನನ್ನ ಬಾಯಿಗೆ ಬಂದದ್ದು ಅಲ್ಲಿ. ನಮ್ಮನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಅದಕ್ಕೇ ನಮ್ಮನ್ನು ಹೇಗೆ ಬೇಕಾದರೂ ಒರೆಸಬಹುದು ಎಂದು ನಾನೇ ಒಂದು ಸಂಜೆ ಎದ್ದು ನಿಂತು ಹೇಳಿದ್ದೆ. ಎಲ್ಲರೂ ಹೌದು ಹೌದು ಎಂದಿದ್ದರು. ಬರೆಸಿಕೊಳ್ಳುವ ಆ ಹಸಿವು ಹೊಟ್ಟೆಯಲ್ಲಿದ್ದಾಗಲೇ ಪುರಸಭೆಯಿಂದ ಕರೆ ಬಂತು.

ನೆರಳು ವಿಭಾಗದ ಅಧಿಕಾರಿ ಪ್ರಭುಲಿಂಗಯ್ಯನವರು ಮೆತ್ತಗೆ ಮಾತಾಡುವ ಮನುಷ್ಯ. ನನ್ನ ಹೆಸರಿಗೆ 'ಅವರು' ಸೇರಿಸಿ ಕರೆದ ಮೊದಲ ಅಧಿಕಾರಿ. ಕುರ್ಚಿ ತೋರಿಸಿ ಕೂರಿ ಎಂದರು. ನಮ್ಮ ಕೇರಿಯವರು ಆ ಕಚೇರಿಯಲ್ಲಿ ಅಲ್ಲಿಯವರೆಗೆ ಗೋಡೆಗೂ ಒರಗಿರಲಿಲ್ಲ.

"ಹುಲಿಗೆಮ್ಮನವರೇ, ನಿಮ್ಮ ಆಮೆಗಳಿಗೆ ಸಂಖ್ಯೆ ಹಾಕೋಣ ಅಂತಿದೀವಿ. ಸಂಖ್ಯೆ ಇದ್ರೆ ಕದಿಯೋಕಾಗಲ್ಲ. ಸತ್ರೆ ಗೊತ್ತಾಗುತ್ತೆ. ಯಾವ ಮನೇದು ಅಂತ ನಾಳೆ ಯಾರೂ ತಕರಾರು ಎತ್ತೋಕಾಗಲ್ಲ. ನಿಮ್ಮವರೇ ಒಬ್ಬರು ಈ ಕೆಲಸ ಮಾಡಲಿ ಅನ್ನೋದು ನನ್ನ ಆಸೆ."

ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಈಗಲೂ ಅನಿಸುವುದಿಲ್ಲ. ಅವರು ನಂಬಿದ್ದರು, ನಾನು ಅವರಿಗಿಂತ ಹೆಚ್ಚು ನಂಬಿದೆ.

ಪುರಸಭೆಯ ನೌಕರಿ ಕೊಟ್ಟರು, ಜೊತೆಗೆ ರಸ್ತೆ ಬದಿಯ ಮೈಲಿಗಲ್ಲಿಗೆ ಬಳಿದು ಉಳಿದ ಬಿಳಿ ಬಣ್ಣದ ಡಬ್ಬಿ. ಹತ್ತು ದಿನ ಬೆಳಗಿನ ಜಾವಕ್ಕೆದ್ದು ಆಮೆಗಳ ಹಿಂದೆ ಬಿದ್ದೆ. ಯಾವುದು ಯಾವ ಬಿರುಕಿನಿಂದ ಬರುತ್ತದೆ, ಎಷ್ಟು ಹೊತ್ತು ತಿನ್ನುತ್ತದೆ, ಹೆದರಿದರೆ ಎಲ್ಲಿಗೆ ಓಡುತ್ತದೆ ಎಲ್ಲವನ್ನೂ ಕಲಿತೆ. ಒಂದೊಂದನ್ನೂ ಎತ್ತಿಕೊಂಡು, ಕಡ್ಡಿಯ ತುದಿಗೆ ಬಣ್ಣ ಅದ್ದಿ ಬೆನ್ನ ಮೇಲೆ ಅಂಕಿ ಬರೆದು, ಒಣಗುವವರೆಗೆ ಅಂಗೈಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಅದರ ಎದೆ ಬಡಿತ ನನ್ನ ಅಂಗೈಗೆ ತಾಗುತ್ತಿತ್ತು. ಚಿಗವ್ವ ರೊಟ್ಟಿ ಬಡಿಯುತ್ತ ಬಾಗಿಲಿನಿಂದ ನೋಡುತ್ತಿದ್ದಳು.

"ಕಲ್ಲಿನಂಗ ಅದಾವಂತ ಬದುಕ್ಯಾವ ಅವು. ಸುಣ್ಣ ಬಳದು ಹೊರಗ ಬಿಟ್ರ ಹೆಂಗವ್ವಾ?" ಎಂದಳು.

"ಸುಣ್ಣ ಅಲ್ಲ ಚಿಗವ್ವಾ, ದಾಖಲೆ ಇದು."

"ದಾಖಲೆ ಕಾಗಿಗೆ ಓದಾಕ ಬರತೈತೇನು?"

ನಾನು ನಕ್ಕೆ. ಓದು ಕಲಿತವಳ ನಗು ಅದು. ಅವಳಿಗೂ ಅದು ಗೊತ್ತಾಯಿತು, ರೊಟ್ಟಿಯ ಕಡೆಗೆ ತಿರುಗಿದಳು.

ಪೇಟೆಯ ಕಸವನ್ನು ಪುರಸಭೆಯ ಗಾಡಿಗಳು ನಮ್ಮ ಬಂಡೆಯ ಬುಡಕ್ಕೇ ತಂದು ಸುರಿಯುತ್ತಿದ್ದವು. ಆ ಕಸಕ್ಕೆ ನೂರಾರು ಕಾಗೆ ಬಂದು ನೆಲೆಯಾಗಿದ್ದವು. ಅಷ್ಟು ವರ್ಷ ಅವು ಮೇಲಿಂದ ನೋಡಿದರೂ ಅವುಗಳಿಗೆ ಕಂಡದ್ದು ಬರೀ ಬಂಡೆ. ಈಗ ಬಂಡೆಯ ಮೇಲೆ ಬಿಳಿ ಚುಕ್ಕೆಗಳು ನಡೆಯತೊಡಗಿದ್ದವು.

ಮೊದಲು ಹೋದದ್ದು ಹದಿನೇಳು. ಗಾಳೆಪ್ಪನ ಮನೆಯದು. ಅವನ ಹೆಂಡತಿ ತಿಪ್ಪಕ್ಕ ಕೂಸನ್ನು ಸೀರೆಯ ತೊಟ್ಟಿಲಲ್ಲಿ ಮಲಗಿಸಿ ಅಂಗಳ ಗುಡಿಸುತ್ತಿದ್ದಳಂತೆ. ಒಳಗೆ ಕೂಸು ಚೀರಿತು. ಹಾವೋ ಚೇಳೋ ಎಂದು ಓಡಿ ನೋಡಿದರೆ ಕೂಸಿನ ಮುಖದ ಮೇಲೆ ಬೆಳಗಿನ ಚುರುಕು ಬಿಸಿಲು. ಸೂರು ಹಾರಿಹೋಯಿತೆಂದು ಅವಳು ತಲೆ ಎತ್ತಿದಳು. ಸೂರು ಇತ್ತು. ನಾವು ಕೂಗು ಕೇಳಿ ಹೋದಾಗ ಅವಳು ಕೂಸಿನ ಮೇಲೆ ಬಾಗಿ, ತನ್ನ ಬೆನ್ನನ್ನೇ ಅದಕ್ಕೆ ನೆರಳು ಮಾಡಿ ನಿಂತಿದ್ದಳು. ಕೇರಿಯ ಅಂಚಿನಲ್ಲಿ ಹದಿನೇಳು ಅಂಗಾತ ಬಿದ್ದಿತ್ತು. ಕಾಗೆ ಅದನ್ನು ಮೇಲಿಂದ ಕಲ್ಲಿಗೆ ಹಾಕಿ ಒಡೆದು, ಒಳಗಿನದನ್ನು ತಿಂದು ಹೋಗಿತ್ತು. ನಾನು ಬರೆದ ಒಂದು ಮತ್ತು ಏಳು ಮಾತ್ರ ಚೂರೂ ಕೆಡದೆ ಉಳಿದಿದ್ದವು.

ಆ ವಾರವೇ ಐದು. ಆ ತಿಂಗಳಿಗೆ ಹನ್ನೊಂದು. ನಾನು ಸೀಮೆಎಣ್ಣೆ ತಂದು ಬಟ್ಟೆಗೆ ಅದ್ದಿ ಬಣ್ಣ ಉಜ್ಜತೊಡಗಿದೆ. ಉಜ್ಜಿದ ಮೊದಲನೆಯದೇ ರಾತ್ರಿ ಕಳೆಯುವುದರೊಳಗೆ ಸತ್ತಿತು. ಆ ಒಂದನ್ನು ನಾನು ಕಾಗೆಯ ತಲೆಗೆ ಕಟ್ಟಲಾರೆ. ಆಮೇಲೆ ಚಿಗವ್ವ ಒಲೆಯ ಮಸಿಗೆ ಹರಳೆಣ್ಣೆ ಕಲಸಿ ಕೊಟ್ಟಳು. ಅದನ್ನು ಬಣ್ಣದ ಮೇಲೆ ತಿಕ್ಕಿದರೆ ಅಂಕಿ ಮುಚ್ಚುತ್ತಿತ್ತು, ನಾಲ್ಕು ದಿನಕ್ಕೆ ಮತ್ತೆ ಬಿಳಿಚುತ್ತಿತ್ತು. ನಾನು ದಿನವೂ ತಿಕ್ಕಿದೆ, ಆದರೂ ಕೈಗೆ ಸಿಗದ ಇನ್ನೂ ಎಂಟನ್ನು ಕಾಗೆಗಳು ಒಯ್ದವು. ಅಷ್ಟರಲ್ಲಿ ಪೇಟೆಯವರು ಬಂದರು.

ಅಂಕಿ ಹಾಕಿದ್ದರಿಂದ ಕದಿಯುವವರಿಗೆ ಅನುಕೂಲವಾಗಿತ್ತು. ಎಲ್ಲರೂ ಕಲ್ಲಿನ ಕೆಲಸಕ್ಕೆ ಹೋದ ಹಗಲು ಹೊತ್ತಿನಲ್ಲಿ ಯಾರೋ ಬಂದು, ಬಿಳಿ ಕಂಡಲ್ಲಿ ಕೈ ಹಾಕಿ ಒಯ್ದು ಪೇಟೆಯಲ್ಲಿ ಮಾರುತ್ತಿದ್ದರು. ಪೇಟೆಯ ದೊಡ್ಡ ಮನೆಗಳ ಹೊಸಿಲ ಬಳಿ ಗಾಜಿನ ಪೆಟ್ಟಿಗೆ ಬಂದವು, ಪೆಟ್ಟಿಗೆಯೊಳಗೆ ಜಲ್ಲಿ, ಜಲ್ಲಿಯ ಮೇಲೆ ನಮ್ಮ ಆಮೆ. ಕೆಲವು ದಿನ ಆ ಮನೆಗಳಿಗೆ ನೆರಳೂ ಬಿತ್ತಂತೆ, ನೋಡಲು ಜನ ಸೇರಿದರಂತೆ. ನಮ್ಮ ಕೈಯ ನೀರು ಅವರ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯ ನೆರಳು ಅವರ ಅಂಗಳದಲ್ಲಿ ಸಲೀಸಾಗಿ ಇಳಿಯಿತು.

ಹನ್ನೆರಡು ಹಾಗೆ ಹೋದವು. ನಾನು ಕಚೇರಿಗೆ ಹೋಗಿ ಗಲಾಟೆ ಮಾಡಿದ ಮೇಲೆ ಪ್ರಭುಲಿಂಗಯ್ಯನವರು ನಾಲ್ಕನ್ನು ಹುಡುಕಿ ತರಿಸಿದರು. ಆದರೆ ಕೇರಿಗೆ ವಾಪಸು ಕೊಡಲಿಲ್ಲ. ಕಚೇರಿಯ ಹಿಂದೆ ತಂತಿ ಬೇಲಿ ಹಾಕಿ, ಹುಲ್ಲು ನೆಡಿಸಿ, ಆಮೆಧಾಮ ಎಂದು ಫಲಕ ಬರೆಸಿದ್ದರು. ಅಲ್ಲಿಗೆ ಬಿಟ್ಟರು.

"ಕೊಂಡವರು ಸಂಖ್ಯೆ ಕೆರೆದು ಹಾಕಿದಾರೆ ಹುಲಿಗೆಮ್ಮನವರೇ. ಯಾವುದು ಯಾವ ಮನೇದು ಅಂತ ಪುರಾವೆ ಇಲ್ಲದೆ ಹೇಗೆ ಕೊಡಲಿ?"

"ನಾ ಹೇಳ್ತೀನಲ್ರಿ. ಇದು ಹನುಮಕ್ಕನ ಮನೀದು, ಕುತ್ತಿಗಿ ಮ್ಯಾಲ ಮೂರು ಚುಕ್ಕಿ ನೋಡ್ರಿ. ಇದು ಕೊನೀ ಮನೀದು, ಎಡಗಾಲು ಎಳೀತೈತಿ."

"ನಿಮ್ಮ ಗುರುತು ನನಗೆ ಒಪ್ಪಿಗೆ. ಕಾನೂನಿಗೆ ಒಪ್ಪಿಗೆ ಆಗಬೇಕಲ್ಲ."

ದಿನವೂ ಮಧ್ಯಾಹ್ನ ಹೋಗಿ ಬೇಲಿಯ ಹೊರಗೆ ನಿಲ್ಲುತ್ತಿದ್ದೆ. ಅವುಗಳಿಗೆ ಎಲೆಕೋಸು ಹಾಕುತ್ತಿದ್ದರು, ಸೌತೆಕಾಯಿ ಹೆಚ್ಚಿ ಹಾಕುತ್ತಿದ್ದರು. ಹುಲ್ಲಿಗೆ ದಿನಕ್ಕೆರಡು ಸಲ ನೀರು. ನಾಲ್ಕೂ ಬೇಲಿಯ ಕಂಬದ ಬುಡದ ಕಾಂಕ್ರೀಟಿಗೆ ಮುಖ ಒತ್ತಿಕೊಂಡು ಇರುತ್ತಿದ್ದವು. ಆ ಹಸಿರಿನಲ್ಲಿ ಕಲ್ಲಿನಂತೆ ಕಾಣುತ್ತಿದ್ದದ್ದು ಅದೊಂದೇ. ಒಂದು ದಿನ ನಾನು ಮಡಿಲಲ್ಲಿ ಕಲ್ಲುಸೊಪ್ಪು ಕಟ್ಟಿಕೊಂಡು ಹೋದೆ. ಹೊರಗಿನ ಆಹಾರ ಹಾಕುವಂತಿಲ್ಲ ಎಂದು ಕಾವಲಿನವನು ತಡೆದ. ಇಪ್ಪತ್ತು ದಿನದಲ್ಲಿ ನಾಲ್ಕೂ ಸತ್ತವು.

ಕೇರಿಯಲ್ಲಿ ಒಂಬತ್ತು ಉಳಿದವು. ಒಂಬತ್ತು ಮನೆಯ ನೆರಳಿನಲ್ಲಿ ನಲವತ್ತೊಂದು ಮನೆಯ ಜನ ಬದುಕುವುದನ್ನು ಕಲಿತೆವು. ಬೆಳಿಗ್ಗೆ ಎಲ್ಲರ ಹೊರಸು ಪಡುವಣ ಗೋಡೆಗೆ, ಸಂಜೆ ಮೂಡಣ ಗೋಡೆಗೆ. ನೀರಿನ ಕೊಡಗಳು, ಹೆರಿಗೆಯಾದವರು, ಮುದುಕರು ಮೊದಲು ಗೋಡೆಯ ಹತ್ತಿರ. ಕೈಕಾಲು ಗಟ್ಟಿ ಇದ್ದವರು ನೆರಳಿನ ಅಂಚಿಗೆ. ನಡುಹಗಲಲ್ಲಿ ನೆರಳು ಗೋಡೆಯ ಬುಡಕ್ಕೆ ಸರಿದಾಗ ಒಂದೊಂದು ಮನೆಯೊಳಗೆ ಇಪ್ಪತ್ತು ಮಂದಿ ಮೊಣಕಾಲು ಎದೆಗೊತ್ತಿ ಕೂರುತ್ತಿದ್ದೆವು. ಚಿಗವ್ವನ ಮನೆಗೆ ನೆರಳಿತ್ತು. ಅವಳ ಗೋಡೆಯ ಪಕ್ಕ ಗಾಳೆಪ್ಪನ ಸಂಸಾರ.

"ಚಿಗವ್ವಾ, ನಿನ್ನ ನೆರಳು ನನ್ನ ಕಾಲಿಗೆ ಸಾಲವಲ್ದಲ್ಲ" ಎನ್ನುತ್ತಿದ್ದ ಅವನು.

"ಕಾಲು ಮಡಚ್ಕೋ. ಅಷ್ಟುದ್ದ ಕಾಲು ಬೆಳಸು ಅಂತ ನಾ ಹೇಳಿದ್ನೇನು?"

ಜನ ನಗುತ್ತಿದ್ದರು. ತಿಪ್ಪಕ್ಕ ನಗುತ್ತಿರಲಿಲ್ಲ. ಅವಳು ನನ್ನನ್ನು ನೋಡುತ್ತಲೂ ಇರಲಿಲ್ಲ. ಮೂರು ತಿಂಗಳು ನನ್ನ ಜೊತೆ ಮಾತಾಡದವಳು ಒಂದು ದಿನ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ನೀರಿಗೆ ಹೋದಳು. ಕ್ಷಮಿಸಿದಳು ಎಂದಲ್ಲ. ಆ ಗೋಡೆಯ ನೆರಳಿನಲ್ಲಿ ಕೂತಿದ್ದವಳು ಆ ಹೊತ್ತಿಗೆ ನಾನೊಬ್ಬಳೇ.

ಕಾಗೆಗೆ ಹೆದರಿದ ಒಂಬತ್ತು ಆಮೆಗಳು ಹೊಸಿಲಡಿಯ ಜಾಗ ಬಿಟ್ಟು ಆಳಕ್ಕೆ ಹೋಗಿದ್ದವು. ಬಂಡೆಯಲ್ಲಿ ನೂರಾರು ಬಿರುಕುಗಳಿವೆ, ಒಂದರೊಳಗೊಂದು ಸೇರಿಕೊಂಡಿವೆ. ಮನೆಗೆ ನೆರಳು ಬೀಳುವುದರಿಂದ ಆಮೆ ಅಲ್ಲೆಲ್ಲೋ ಇದೆ ಎಂದಷ್ಟೇ ಉಳಿದವರಿಗೆ ತಿಳಿಯುತ್ತಿತ್ತು. ಯಾವ ಬಿರುಕು, ಎಷ್ಟು ಆಳ, ಯಾವ ಹೊತ್ತಿಗೆ ಬಾಯಿಗೆ ಬರುತ್ತದೆ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಮಸಿ ತಿಕ್ಕಲು ದಿನವೂ ಹೋಗುತ್ತಿದ್ದೆನಲ್ಲ.

ಅಳತೆಯ ದಿನ ಪ್ರಭುಲಿಂಗಯ್ಯನವರು ತಾವೇ ಬಂದರು. ಜೊತೆಗೆ ಹಗ್ಗದ ಖಾಜಾಸಾಬ. ಹಿಂದೆ ಒಂದು ಜೀಪು, ಜೀಪಿನಲ್ಲಿ ಹತ್ತಿ ಹಾಸಿದ ಒಂಬತ್ತು ಗೂಡಿನ ಮರದ ಪೆಟ್ಟಿಗೆ. ಮೂವತ್ತೆರಡು ಮನೆಗಳ ಮುಂದೆ ಖಾಜಾಸಾಬ ಹಗ್ಗ ಬಿಚ್ಚಲೂ ಇಲ್ಲ, ನಿಂತು ಮುಂದೆ ಹೋದ. ಅಳೆಯುವುದಕ್ಕೆ ಏನೂ ಇರಲಿಲ್ಲ. ಮೂವತ್ತೆರಡೂ ಅಳತೆಯ ಲೆಕ್ಕದಿಂದ ಹೋದವು. ಉಳಿದ ಒಂಬತ್ತು ಮನೆಗಳು ಕೇರಿಯ ನಡುವೆ ಅಲ್ಲೊಂದು ಇಲ್ಲೊಂದು ಇದ್ದವು. ಅವುಗಳ ಸುತ್ತ ಮದ್ದು ಇಟ್ಟರೆ ಅವೂ ಉರುಳುತ್ತವೆ. ಹಾಗಾಗಿ ಅವು ಇರುವವರೆಗೆ ಕಂಪನಿಗೆ ಇಡೀ ಬಂಡೆಯ ಮೇಲೆ ಎಲ್ಲೂ ಕೈ ಇಡಲಾಗುವುದಿಲ್ಲ. ಇದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪ್ರಭುಲಿಂಗಯ್ಯನವರು ಚಿಗವ್ವನ ಮನೆಯ ಮುಂದೆ ನಿಂತು ಕಾಗದ ಓದಿದರು. ಅಳಿವಿನ ಅಂಚಿನಲ್ಲಿರುವ ಒಂಬತ್ತು ಆಮೆಗಳನ್ನು ಅವುಗಳ ಹಿತಕ್ಕಾಗಿ ಆಮೆಧಾಮಕ್ಕೆ ಸಾಗಿಸತಕ್ಕದ್ದು. ಸಂಖ್ಯೆ ಹಾಕಿದ ನೌಕರರೇ ಅವುಗಳನ್ನು ಪತ್ತೆ ಮಾಡಿ ಒಪ್ಪಿಸತಕ್ಕದ್ದು.

ನೆರಳಿನಲ್ಲಿ ಕೂತಿದ್ದ ಜನ ಏಳಲಿಲ್ಲ. ಎದ್ದರೆ ಬಿಸಿಲಿಗೆ ಹೋಗಬೇಕಿತ್ತು.

"ಖಾಜಾಸಾಬ್, ಈ ಮನೆಯ ಹೊಸಿಲ ಕಲ್ಲು ಸ್ವಲ್ಪ ಎತ್ತಿ ನೋಡೋಣ" ಎಂದರು ಅಧಿಕಾರಿ.

"ನೆರಳು ಬಿದ್ದೈತ್ರಿ ಸಾಹೇಬ್ರ. ನೆರಳಿದ್ದ ಮನಿಗೆ ಹಾರಿ ತಾಗಿಸಬಾರದು ಅಂತ ನೀವಽ ನನಗ ಓದಿ ಹೇಳಿದ್ದು" ಎಂದ ಖಾಜಾಸಾಬ. "ಮತ್ತ ಸೊಂಟಾನೂ ಹಿಡಕೊಂಡೈತಿ."

"ಸೊಂಟ ಯಾವಾಗಿಂದ?"

"ಈಗ ಹಿಡೀತ್ರಿ, ನೀವು ಹೇಳಿದ ಕೂಡ್ಲೆ."

ಯಾರೋ ಕಿಸಕ್ಕೆಂದರು. ಪ್ರಭುಲಿಂಗಯ್ಯನವರು ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕದಲ್ಲಿ ಬಿಸಿಲಿತ್ತು, ಇಬ್ಬರೂ ಬಿಸಿಲಲ್ಲಿ ನಿಂತೆವು. ಅವರ ಹಣೆಯ ಮೇಲೆ ಬೆವರು ಹರಿಯುತ್ತಿತ್ತು.

"ನೋಡಿ, ನಿಮ್ಮಿಂದ ಮುಚ್ಚಿಡೋದೇನಿಲ್ಲ. ಕಂಪನಿಯವರ ಒತ್ತಡ ಇದೆ. ಅದು ಬೇರೆ. ನೀವು ಆಮೆಗಳ ಬಗ್ಗೆ ಯೋಚನೆ ಮಾಡಿ. ನಲವತ್ತೊಂದು ಇದ್ದದ್ದು ಒಂಬತ್ತು ಆಗಿದೆ. ಇಲ್ಲೇ ಬಿಟ್ರೆ ಮುಂದಿನ ವರ್ಷಕ್ಕೆ ಒಂದೂ ಇರಲ್ಲ. ಕಾಗೆ ಬಿಡುತ್ತಾ? ನಿಮ್ಮ ಕೈಯಿಂದಲೇ ಆಗಿದ್ದು ಇದು ಅಂತ ನಿಮಗೂ ಗೊತ್ತಿದೆ. ಸರಿ ಮಾಡೋಕೆ ನಿಮ್ಮ ಕೈಯಲ್ಲೇ ಒಂದು ಅವಕಾಶ ಇದೆ."

ಅದು ತಾಗಿತು. ತಾಗಲಿಲ್ಲ ಎಂದರೆ ಸುಳ್ಳು. ರಾತ್ರಿಯೆಲ್ಲ ನಾನು ನನಗೇ ಹೇಳಿಕೊಳ್ಳುತ್ತಿದ್ದ ಮಾತನ್ನೇ ಅವರು ಹಗಲು ಬೆಳಕಿನಲ್ಲಿ ಹೇಳಿದ್ದರು. ಒಂಬತ್ತರಲ್ಲಿ ಹೆಣ್ಣು ನಾಲ್ಕು. ನಾಲ್ಕು ಹೆಣ್ಣು, ಒಂದು ಸಲಕ್ಕೆ ಒಂದು ಮೊಟ್ಟೆ. ಮತ್ತೆ ನಲವತ್ತೊಂದಾಗುವುದನ್ನು ನಾನು ನೋಡುವುದಿಲ್ಲ, ತಿಪ್ಪಕ್ಕನ ಕೂಸು ಮುದುಕಿಯಾದಾಗ ನೋಡಬಹುದು, ನೋಡದೆಯೂ ಇರಬಹುದು. ಅಷ್ಟರಲ್ಲಿ ಒಂದು ಕಾಗೆ, ಒಂದು ಕಳ್ಳಗೈ ಸಾಕು.

"ಕಸ ಸುರಿಯೋದು ನಿಲ್ಲಸ್ತೀರೇನ್ರಿ?" ಎಂದೆ.

"ಅದು ಬೇರೆ ವಿಭಾಗ."

"ಧಾಮದಾಗ ಕಲ್ಲುಸೊಪ್ಪು ಹಾಕ್ತೀರೇನು?"

"ಪ್ರಯತ್ನ ಮಾಡಬಹುದು."

"ನಾಕು ಸತ್ತಾವಲ್ರಿ ಅಲ್ಲಿ. ಇಪ್ಪತ್ತು ದಿನದಾಗ. ಅಲ್ಲಿ ಕಾಗಿ ಇರಲಿಲ್ಲ."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಅನುಭವದಿಂದ ಕಲೀತೀವಿ" ಎಂದರು. ಆ ಮಾತನ್ನು ಅವರು ಮೆತ್ತಗೇ ಹೇಳಿದರು, ಮೊದಲ ದಿನ ಕುರ್ಚಿ ತೋರಿಸಿದ ದನಿಯಲ್ಲೇ. ನಮ್ಮ ಆಮೆ ಸತ್ತರೆ ಅವರಿಗೆ ಅನುಭವ. ನಮ್ಮ ಮನೆ ಬಿದ್ದರೆ ಅವರಿಗೆ ಕಲ್ಲು.

ಅಷ್ಟರಲ್ಲಿ ಚಿಗವ್ವ ಗೋಡೆಯ ಬುಡದಿಂದಲೇ ಕೂಗಿದಳು, "ಹುಲಿಗೀ, ಬಿಸಲಾಗ ಯಾಕ ನಿಂತಿಯವ್ವಾ, ಈಚೆ ಬಾ. ಸಾಹೇಬ್ರೂ ಬರ್ಲಿ. ಗಾಳ್ಯಾ, ಸರಿ ಅತ್ಲಾಗ." ಗಾಳೆಪ್ಪ ಕಾಲು ಮಡಚಿಕೊಂಡ. ಇಬ್ಬರಿಗೆ ಆಗುವಷ್ಟು ಜಾಗವಾಯಿತು. ನಾನು ಹೋಗಿ ನಿಂತೆ. ಪ್ರಭುಲಿಂಗಯ್ಯನವರು ಒಂದು ಗಳಿಗೆ ಆ ಜಾಗವನ್ನೂ ಅಲ್ಲಿ ಕೂತವರನ್ನೂ ನೋಡಿದರು. ಬರಲಿಲ್ಲ. ಬಿಸಿಲಲ್ಲೇ ನಿಂತು ಕಾಗದ ಮಡಚಿದರು.

ಖಾಜಾಸಾಬ ಹಗ್ಗ ಸುತ್ತುವ ನೆಪದಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಗೊತ್ತಿಲ್ಲ ಅಂದ್ಬಿಡು ಮಗಳಽ. ಆಳಕ್ಕ ಹೋಗ್ಯಾವ, ಕಾಣವಲ್ವು ಅನ್ನು. ಕೆಲಸಾನೂ ಉಳೀತೈತಿ, ಅವೂ ಉಳೀತಾವ."

ಒಳ್ಳೆಯ ಮಾತು. ಒಳ್ಳೆಯ ಮನುಷ್ಯ. ನಾನು ಗೊತ್ತಿಲ್ಲ ಎಂದರೆ ನಾಳೆ ಹುಡುಕಬಲ್ಲ ಇನ್ನೊಬ್ಬರನ್ನು ತರುತ್ತಾರೆ, ಓದು ಬಲ್ಲ ಇನ್ನೊಂದು ಹುಡುಗಿಗೆ ಕುರ್ಚಿ ತೋರಿಸುತ್ತಾರೆ. ಗೊತ್ತಿದ್ದೂ ತೋರಿಸದೆ ಇರಬಹುದು ಎಂಬುದನ್ನು ಆ ಹುಡುಗಿ ಒಮ್ಮೆಯಾದರೂ ಕೇಳಿರಬೇಕು.

"ಹುಲಿಗೆಮ್ಮನವರೇ, ತೆಗೆಯೋದು ಬೇಡ ಬಿಡಿ" ಎಂದರು ಪ್ರಭುಲಿಂಗಯ್ಯನವರು. "ಯಾವ ಬಿರುಕಲ್ಲಿ ಅಂತ ಬೆರಳು ತೋರಿಸಿ ಸಾಕು. ಉಳಿದದ್ದು ನಾವು ನೋಡ್ಕೋತೀವಿ. ಇದು ಆದೇಶ. ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು."

"ಗೊತ್ತೈತ್ರಿ" ಎಂದೆ. "ಒಂಬತ್ತಕ್ಕ ಒಂಬತ್ತೂ ಎಲ್ಲೆಲ್ಲಿ ಅದಾವ ಅಂತ ನನಗ ಗೊತ್ತೈತಿ. ತೋರ್ಸೂದಿಲ್ಲ."